ಮೊದಲು ಇಳಿಯುವವರು ಯಾರು?

ವಾಕ್ಯಭಾಗ: ಫಿಲಿಪ್ಪಿಯವರಿಗೆ 2:1-11 ಮತ್ತು 4:2-3

ಹಿಂದಿನ ಸಾಲಿನಲ್ಲಿ ಕೂತಿರೋ ಯೌವನಸ್ಥರಿಗೂ ಸೇರಿಸಿಯೇ ಹೇಳ್ತಾ ಇದ್ದೀನಿ. ದಯವಿಟ್ಟು ಬೈಬಲ್ ತೆರೆಯಿರಿ. ಮೊಬೈಲ್‌ನಲ್ಲಿ ಓದುವವರು ಓದಿ, ಪರವಾಗಿಲ್ಲ, ಆದರೆ ನೋಟಿಫಿಕೇಶನ್ ಸ್ವಲ್ಪ ಹೊತ್ತು ಆಫ್ ಮಾಡಿ.

ಫಿಲಿಪ್ಪಿ ಪತ್ರಿಕೆ ಅಂದ ಕೂಡಲೇ ನಮಗೆ ಎರಡನೇ ಅಧ್ಯಾಯ ನೆನಪಾಗುತ್ತೆ. ಕ್ರಿಸ್ತನು ತನ್ನನ್ನು ಬರಿದು ಮಾಡಿಕೊಂಡದ್ದು, ದಾಸನಾದದ್ದು, ಶಿಲುಬೆಯ ತನಕ ವಿಧೇಯನಾದದ್ದು, ಆಮೇಲೆ ತಂದೆಯು ಆತನನ್ನು ಎಲ್ಲಕ್ಕಿಂತ ಮೇಲಕ್ಕೆ ಏರಿಸಿದ್ದು. ಕ್ರಿಸ್ತನು ಯಾರು ಎಂದು ಹೇಳುವ ಬಹಳ ಆಳವಾದ ಭಾಗ ಇದು. ಇದರ ಮೇಲೆ ಥಿಯಾಲಜಿ ಪುಸ್ತಕಗಳೇ ಬಂದಿವೆ. ಆದರೆ ಪೌಲನು ಇದನ್ನು ಯಾಕೆ ಬರೆದ? ಬೈಬಲ್ ಕಾಲೇಜಿನ ಪರೀಕ್ಷೆಗೆ ಅಂತ ಬರೆಯಲಿಲ್ಲ. ಒಂದು ಸಭೆಯೊಳಗೆ ಜನರ ಮನಸ್ಸು ಒಡೆಯುತ್ತಿತ್ತು, ಅದಕ್ಕೆ ಬರೆದ.

ಎರಡು ಹೆಸರುಗಳು

ನಾಲ್ಕನೇ ಅಧ್ಯಾಯ ಎರಡನೇ ವಚನ ನೋಡಿ. ಅಲ್ಲಿ ಇಬ್ಬರು ಸಹೋದರಿಯರ ಹೆಸರಿದೆ: ಯುವೊದ್ಯ, ಸಂತುಕೆ. ಇವರಿಬ್ಬರಿಗೂ ಭಿನ್ನಾಭಿಪ್ರಾಯ ಬಂದಿತ್ತು. ಯಾವ ವಿಷಯಕ್ಕೆ ಅನ್ನೋದನ್ನು ಪೌಲನು ಬರೆಯಲೇ ಇಲ್ಲ. ನನಗೆ ಅದೇ ಆಶ್ಚರ್ಯ. ನಾವಾಗಿದ್ದರೆ ಮೊದಲು ಕೇಳೋದೇ ಅದು ತಾನೇ? ಏನಾಯ್ತು ಬ್ರದರ್? ಯಾರದು ತಪ್ಪು? ಯಾರು ಫಸ್ಟ್ ಶುರು ಮಾಡಿದ್ದು?

ಪೌಲನು ಆ ದಾರಿಗೆ ಹೋಗಲ್ಲ. ಇಬ್ಬರಿಗೂ ಬೇರೆ ಬೇರೆಯಾಗಿ ಒಂದೇ ಮಾತಿನಲ್ಲಿ ಬೇಡಿಕೊಳ್ಳುತ್ತಾನೆ. ಒಬ್ಬಳ ಪಕ್ಷ ಹಿಡಿಯಲ್ಲ. ಇನ್ನೊಂದು ಗಮನಿಸಿ: ಇವರು ಸಭೆಗೆ ಹೊಸಬರಲ್ಲ, ಹಿಂಜಾರಿದವರೂ ಅಲ್ಲ. ಸುವಾರ್ತೆಗಾಗಿ ಪೌಲನ ಜೊತೆ ಹೆಗಲು ಕೊಟ್ಟು ಹೋರಾಡಿದವರು. ಜೀವಬಾಧ್ಯರ ಪುಸ್ತಕದಲ್ಲಿ ಹೆಸರಿರುವವರು. ದೇವಜನರೇ, ಪರಲೋಕದ ಪುಸ್ತಕದಲ್ಲಿ ಹೆಸರಿದ್ದೂ ಪಕ್ಕದ ಕುರ್ಚಿಯವರ ಮುಖ ನೋಡದೆ ಇರಲು ಸಾಧ್ಯ. ಪ್ರಾರ್ಥನೆ ಮಾಡುವವರ ನಡುವೆ, ಸೇವೆ ಮಾಡುವವರ ನಡುವೆ ಇದು ನಡೆಯುತ್ತೆ.

ಈಗ ಒಂದು ಮುಖ್ಯ ವಿಷಯ. 2:2ರಲ್ಲಿ ಒಂದೇ ಮನಸ್ಸು ಇರಲಿ ಅನ್ನುವಾಗ, 2:5ರಲ್ಲಿ ಕ್ರಿಸ್ತನ ಮನಸ್ಸು ನಿಮ್ಮಲ್ಲಿರಲಿ ಅನ್ನುವಾಗ, 4:2ರಲ್ಲಿ ಈ ಇಬ್ಬರು ಸಹೋದರಿಯರಿಗೆ ಬುದ್ಧಿ ಹೇಳುವಾಗ, ಮೂರೂ ಕಡೆ ಪೌಲನು ಬಳಸುವುದು ಒಂದೇ ಗ್ರೀಕ್ ಕ್ರಿಯಾಪದ: ಫ್ರೊನೆಯೊ. ಅದರ ಅರ್ಥ ಬರೀ ಅಭಿಪ್ರಾಯ ಅಲ್ಲ. ಮನಸ್ಸು ಯಾವ ಕಡೆ ವಾಲಿದೆ, ಒಳಗಿನ ಧೋರಣೆ ಏನು ಅನ್ನುವ ಅರ್ಥ. ಅಂದರೆ ಎರಡನೇ ಅಧ್ಯಾಯದ ಆ ಮಹಾ ಸತ್ಯವು ನಾಲ್ಕನೇ ಅಧ್ಯಾಯದ ಜಗಳದ ತನಕ ಬಂದು ತಲುಪುತ್ತೆ. ಯುವೊದ್ಯಳೂ ಸಂತುಕೆಯೂ ಎಲ್ಲದರಲ್ಲೂ ಒಂದೇ ಅಭಿಪ್ರಾಯಕ್ಕೆ ಬರಬೇಕು ಅಂತ ಪೌಲನು ಕೇಳ್ತಿಲ್ಲ. ಕ್ರಿಸ್ತನ ಧೋರಣೆಗೆ ಇಬ್ಬರೂ ಬರಬೇಕು ಅಂತ ಕೇಳ್ತಿದ್ದಾನೆ.

ಪದವಿಯನ್ನು ಪ್ರೀತಿಸುವ ಊರು

ಈ ಮಾತು ಫಿಲಿಪ್ಪಿಯವರಿಗೆ ಎಷ್ಟು ಕಷ್ಟವಾಗಿತ್ತು ಅಂತ ತಿಳಿಯಬೇಕಾದರೆ ಆ ಊರು ಎಂಥದು ಅಂತ ಗೊತ್ತಿರಬೇಕು. ಫಿಲಿಪ್ಪಿ ಮಕೆದೋನ್ಯ ಸೀಮೆಯ ಪಟ್ಟಣ. ಅಲೆಕ್ಸಾಂಡರನ ತಂದೆ ಫಿಲಿಪ್ಪನ ಹೆಸರೇ ಅದಕ್ಕೆ ಬಂದಿದ್ದು. ಕ್ರಿ.ಪೂ. 42ರಲ್ಲಿ ಅಲ್ಲಿ ದೊಡ್ಡ ಯುದ್ಧ ನಡೆದ ಮೇಲೆ ನಿವೃತ್ತ ರೋಮನ್ ಸೈನಿಕರಿಗೆ ಭೂಮಿ ಕೊಟ್ಟು ನೆಲೆಸಿಸಿದರು. ಹಾಗಾಗಿ ಅದು ರೋಮಿನ ವಸಾಹತು. ನಾನು ಯಾವ ರ‍್ಯಾಂಕ್, ನೀನು ಯಾವ ರ‍್ಯಾಂಕ್ ಅನ್ನೋದು ಅಲ್ಲಿ ಬಹಳ ಮುಖ್ಯ. ನಾವು ರೋಮಿನವರು ಅನ್ನುವ ಹೆಮ್ಮೆ ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯದಲ್ಲೇ ಕಾಣುತ್ತೆ.

ಅಂಥ ಊರಿನ ಸಭೆಯಲ್ಲಿ ಯಾರಿದ್ದರು? ಧೂಮ್ರವರ್ಣದ ಬೆಲೆಬಾಳುವ ಬಟ್ಟೆ ಮಾರುವ ಲುದ್ಯಳು. ಪೌಲ ಸೀಲರನ್ನು ಒಳಸೆರೆಯಲ್ಲಿ ಹಾಕಿ ಕಾಲಿಗೆ ಕೋಳ ಬಿಗಿದ ಸೆರೆಮನೆಯ ಅಧಿಕಾರಿ. ಒಬ್ಬಳು ಬಿಸಿನೆಸ್ ನಡೆಸುವವಳು, ಒಬ್ಬ ಸರ್ಕಾರಿ ಕೆಲಸದವನು. ಇವರೆಲ್ಲ ಒಂದೇ ರೊಟ್ಟಿಯಲ್ಲಿ ಪಾಲು ತೆಗೆದುಕೊಳ್ಳಬೇಕು.

ಅವರಿಗೆ ಪೌಲನು ಹೇಳ್ತಾನೆ: ನಿಮ್ಮ ಕರ್ತನನ್ನು ನೋಡಿ. ದೇವರಿಗೆ ಸಮಾನನಾಗಿದ್ದರೂ ಆ ಸ್ಥಾನವನ್ನು ತನ್ನ ಲಾಭಕ್ಕೆ ಗಟ್ಟಿಯಾಗಿ ಹಿಡಿದುಕೊಳ್ಳಲಿಲ್ಲ. ಮನುಷ್ಯನಾದ. ದಾಸನಾದ. ಮರಣದ ತನಕ ಇಳಿದ, ಅದೂ ಶಿಲುಬೆಯ ಮರಣ. ರೋಮಿನ ಪ್ರಜೆಗಳನ್ನು ಸಾಮಾನ್ಯವಾಗಿ ಶಿಲುಬೆಗೆ ಹಾಕುತ್ತಿರಲಿಲ್ಲ. ಅದು ದಾಸರಿಗೂ ದಂಗೆಕೋರರಿಗೂ ಕೊಡುವ ಸಾವು. ಪದವಿಯೇ ಜೀವ ಅಂದುಕೊಂಡ ಊರಿಗೆ, ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಇಳಿದ ಕರ್ತನನ್ನು ಪೌಲನು ತೋರಿಸುತ್ತಾನೆ. ಹಲ್ಲೆಲೂಯ!

ನಮ್ಮ ಬೆಂಗಳೂರು ಏನು ಕಡಿಮೆಯಾ? ಯಾವ ಕಂಪನಿ, ಎಷ್ಟು ಪ್ಯಾಕೇಜ್, ಯಾವ ಏರಿಯಾ? ವಾರವೆಲ್ಲ ಆಫೀಸಿನಲ್ಲಿ ಅಪ್ರೈಸಲ್‌ಗಾಗಿ ನಮ್ಮನ್ನು ನಾವೇ ಎತ್ತಿ ತೋರಿಸಬೇಕು. ಭಾನುವಾರ ಅದೇ ಮನಸ್ಸನ್ನು ಹೊತ್ತುಕೊಂಡು ಸಭೆಗೆ ಬರ್ತೀವಿ. ಲೀಡ್ ಯಾರು ಹಾಡಬೇಕು, ಪೋಸ್ಟರ್‌ನಲ್ಲಿ ಯಾರ ಫೋಟೋ ಬರಬೇಕು, ಗ್ರೂಪ್‌ಗೆ ಅಡ್ಮಿನ್ ಯಾರು ಆಗಬೇಕು? ಹೆಸರು ಸೇವೆ, ಒಳಗೆ ಪೈಪೋಟಿ.

ನನ್ನ ಹನ್ನೊಂದು ತಿಂಗಳು

ಬೇರೆಯವರ ಮಾತು ಯಾಕೆ, ನನ್ನದೇ ಹೇಳ್ತೀನಿ. ಪಾಸ್ಟರ್ ಆಗೋದಕ್ಕೆ ಎಷ್ಟೋ ವರ್ಷ ಮೊದಲು, ಬೇರೊಂದು ಸಭೆಯಲ್ಲಿ ನಾನು ಕೀಬೋರ್ಡ್ ನುಡಿಸುತ್ತಿದ್ದೆ. ಒಬ್ಬ ಸಹೋದರ ಆರಾಧನೆ ನಡೆಸುತ್ತಿದ್ದ. ಕ್ರಿಸ್ಮಸ್ ಕಾರ್ಯಕ್ರಮದ ದಿನ ನನ್ನನ್ನು ಕೇಳದೆ ಹಾಡು ಬದಲಾಯಿಸಿದ. ನಾನು ಪ್ರಾಕ್ಟೀಸ್ ಮಾಡಿರಲಿಲ್ಲ, ಎಲ್ಲರ ಮುಂದೆ ತಪ್ಪು ನುಡಿಸಿದೆ. ಅಷ್ಟೇ ವಿಷಯ. ಅವತ್ತಿನಿಂದ ಹನ್ನೊಂದು ತಿಂಗಳು ನಾನು ಅವನ ಜೊತೆ ಮಾತಾಡಲಿಲ್ಲ.

ಸಭೆ ಬಿಡಲಿಲ್ಲ. ಜಗಳ ಆಡಲಿಲ್ಲ. ಒಂದೇ ಸ್ಟೇಜಿನಲ್ಲಿ ನಿಂತು ಒಂದೇ ಹಾಡಿಗೆ ನುಡಿಸುತ್ತಿದ್ದೆ. ಅವನ ಮುಖ ನೋಡಬಾರದು ಅಂತ ಡ್ರಮ್ಮರ್ ಕಡೆ ನೋಡ್ತಾ ನುಡಿಸುತ್ತಿದ್ದೆ. ಪ್ರತಿ ತಿಂಗಳ ಮೊದಲ ಭಾನುವಾರ ಕರ್ತನ ಮೇಜಿಗೆ ಹೋಗ್ತಾ ಇದ್ದೆ. ಹೊರಗಿನಿಂದ ನೋಡಿದವರಿಗೆ ನಮ್ಮದು ಬಹಳ ಒಳ್ಳೆ ಟೀಮ್.

ಸರ್ವಿಸ್ ಮುಗಿದ ಮೇಲೆ ಹಾಲ್ ಗುಡಿಸುವ ಒಬ್ಬ ವಯಸ್ಸಾದ ಅಮ್ಮ ಇದ್ದರು. ಒಂದು ದಿನ ಪೊರಕೆ ಕೈಯಲ್ಲಿ ಹಿಡಿದೇ ನನ್ನ ಹತ್ತಿರ ಬಂದು ಹೇಳಿದರು: "ತಮ್ಮಾ, ನೀವಿಬ್ರೂ ಜಗಳ ಆಡಿಯಾದ್ರೂ ಮುಗಿಸ್ಕೊಳ್ರಪ್ಪಾ. ನೀವು ಹೀಗೆ ಸುಮ್ನಿದ್ರೆ ನಂಗೆ ಆರಾಧನೆ ಮಾಡಕ್ಕೆ ಆಗ್ತಿಲ್ಲ." ಮುಂದಿನ ಶನಿವಾರ ಇಬ್ಬರನ್ನೂ ಮನೆಗೆ ಕರೆದರು. ಉಪ್ಪಿಟ್ಟು ಮಾಡಿ ಕೊಟ್ಟು, ಎದುರು ಬದುರು ಕೂರಿಸಿ, ತಾವು ಅಡುಗೆಮನೆಗೆ ಹೋಗಿಬಿಟ್ಟರು.

ನಾನು ಮನಸ್ಸಿನಲ್ಲಿ ದೊಡ್ಡ ಲಿಸ್ಟ್ ಮಾಡಿಕೊಂಡು ಹೋಗಿದ್ದೆ. ಬಾಯಿ ತೆರೆಯೋಕೆ ಮುಂಚೆ ಅವನೇ ಹೇಳಿದ: "ಬ್ರದರ್, ಅವತ್ತು ನಾನು ಕೇಳಬೇಕಿತ್ತು. ಕ್ಷಮಿಸಿ." ನನ್ನ ಲಿಸ್ಟ್ ಅಲ್ಲೇ ಸತ್ತುಹೋಯಿತು. ನಾನೂ ಕ್ಷಮೆ ಕೇಳಿದೆ. ಆದರೆ ಇವತ್ತಿಗೂ ನನ್ನೊಳಗೆ ಒಂದು ನಾಚಿಕೆ ಇದೆ. ಮೊದಲು ಇಳಿದವನು ನಾನಲ್ಲ. ಅವಕಾಶ ಹನ್ನೊಂದು ತಿಂಗಳು ನನ್ನ ಕೈಯಲ್ಲಿತ್ತು. ಇನ್ನೊಂದು ವಿಷಯ ಹೇಳಲಾ? ಕೊನೇ ಗಳಿಗೆಯಲ್ಲಿ ಹಾಡು ಬದಲಾಯಿಸಬಹುದಾ ಬೇಡವಾ ಅನ್ನೋದರಲ್ಲಿ ನಮ್ಮಿಬ್ಬರ ಅಭಿಪ್ರಾಯ ಇವತ್ತಿಗೂ ಬೇರೆಯೇ! ಆದರೆ ಮನಸ್ಸು ಒಂದಾಯಿತು.

ಆತ್ಮಾಭಿಷೇಕ ಇದ್ದರೆ ಸಾಕಲ್ವಾ?

ನಾವು ಪೆಂತೆಕೊಸ್ತಿನವರು ಇಲ್ಲಿ ಒಂದು ತಪ್ಪು ಮಾಡ್ತೀವಿ. ಪವಿತ್ರಾತ್ಮನು ಇಳಿದು ಬಂದರೆ ಒಗ್ಗಟ್ಟು ತಾನಾಗಿಯೇ ಬರುತ್ತೆ ಅಂದುಕೊಳ್ತೀವಿ. ನಮ್ಮ ಚರಿತ್ರೆಯನ್ನೇ ನೋಡಿ. ವಿಲಿಯಂ ಸೀಮೋರ್ ಒಬ್ಬ ಕಪ್ಪು ಜನಾಂಗದ ಬೋಧಕ, ಗುಲಾಮರಾಗಿದ್ದ ತಂದೆತಾಯಿಯ ಮಗ. 1906ರ ಆರಂಭದಲ್ಲಿ ಹ್ಯೂಸ್ಟನ್‌ನಲ್ಲಿ ಬೈಬಲ್ ಪಾಠ ಕೇಳಲು ಹೋದಾಗ, ಅಲ್ಲಿನ ವರ್ಣಭೇದದ ಕಾರಣ ಬಿಳಿಯರ ಜೊತೆ ತರಗತಿಯೊಳಗೆ ಕೂರಲು ಬಿಡಲಿಲ್ಲ. ಹೊರಗೆ ಕೂತು, ತೆರೆದ ಬಾಗಿಲಿನಿಂದ ಕೇಳಿಸಿಕೊಂಡರು. ಅದೇ ವರ್ಷ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನ ಅಜುಸಾ ಬೀದಿಯಲ್ಲಿ ಅವರ ಮೂಲಕ ಉಜ್ಜೀವನ ಶುರುವಾಯಿತು. ಬಾಗಿಲ ಹೊರಗೆ ಕೂತಿದ್ದ ಮನುಷ್ಯ, ಕಪ್ಪು ಬಿಳಿ ಎಂದು ನೋಡದೆ ಎಲ್ಲರನ್ನೂ ಒಳಗೆ ಕರೆದರು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಅಲ್ಲಿಯೂ ನಾಯಕರ ನಡುವೆ ಮನಸ್ತಾಪ ಬಂತು, ಉಪದೇಶದ ವಿಷಯದಲ್ಲಿ ಬಿರುಕು ಬಂತು, ಜನ ಬೇರೆ ಬೇರೆಯಾದರು. ಅನ್ಯಭಾಷೆಯಲ್ಲಿ ಮಾತಾಡಿದವರೇ ಒಬ್ಬರಿಗೊಬ್ಬರು ಮಾತು ಬಿಟ್ಟರು. ಕೊರಿಂಥದ ಸಭೆಯಲ್ಲೂ ವರಗಳಿಗೆ ಕೊರತೆ ಇರಲಿಲ್ಲ, ಪಂಗಡಗಳಿಗೂ ಕೊರತೆ ಇರಲಿಲ್ಲ. ವರಗಳು ಒಂದು ಕ್ಷಣದಲ್ಲಿ ಬರಬಹುದು, ಕ್ರಿಸ್ತನ ಮನಸ್ಸನ್ನು ದಿನಾ ಬೆಳೆಸಿಕೊಳ್ಳಬೇಕು. ಆತ್ಮನು ನಮ್ಮನ್ನು ತುಂಬುವುದು ನಾವು ದೊಡ್ಡವರಾಗಲಿ ಎಂದಲ್ಲ, ಯೇಸುವಿನ ಹಾಗೆ ಇಳಿಯುವ ಬಲ ಸಿಗಲಿ ಎಂದು. ಆಮೆನ್?

ಹಾಗಾದರೆ ಈ ವಾರ ಏನು ಮಾಡೋದು?

ಮೊದಲನೆಯದು, ಯಾವುದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೀರಿ ಅಂತ ಪರೀಕ್ಷಿಸಿಕೊಳ್ಳಿ. ನಾನು ಸೀನಿಯರ್, ನಾನೇ ಸರಿ, ನನ್ನನ್ನು ಕೇಳಬೇಕಿತ್ತು. ಇವು ಸುಳ್ಳಾಗಿರಬೇಕಿಲ್ಲ. ಕ್ರಿಸ್ತನ ಹಕ್ಕೂ ಸುಳ್ಳಾಗಿರಲಿಲ್ಲ. ಸತ್ಯವಾದ ಹಕ್ಕನ್ನೇ ಆತನು ಬಿಟ್ಟುಕೊಟ್ಟನು.

ಎರಡನೆಯದು, ಎದುರಿನವರು ಮೊದಲು ಬರಲಿ ಅಂತ ಕಾಯಬೇಡಿ. ಮೆಸೇಜಿಗೆ ಬ್ಲೂ ಟಿಕ್ ಬಿತ್ತಾ, ಸ್ಟೇಟಸ್ ನೋಡಿದರಾ ಅಂತ ಲೆಕ್ಕ ಇಡಬೇಡಿ. ಟೈಪ್ ಮಾಡೋದು ಬಿಟ್ಟು ಫೋನ್ ಮಾಡಿ. ಸಾಧ್ಯವಾದರೆ ಹೋಗಿ ಭೇಟಿಯಾಗಿ.

ಮೂರನೆಯದು, ಸುತ್ತಲಿರುವವರಿಗೆ. 4:3ರಲ್ಲಿ ಪೌಲನು ಮತ್ತೊಬ್ಬ ಜೊತೆಗಾರನಿಗೆ ಈ ಸಹೋದರಿಯರಿಗೆ ಸಹಾಯ ಮಾಡು ಅಂತ ಹೇಳ್ತಾನೆ. ಜಗಳ ಇಬ್ಬರದು, ಜವಾಬ್ದಾರಿ ಸಭೆಯದು. ನಮ್ಮಲ್ಲಿ ಏನಾಗುತ್ತೆ? ಒಬ್ಬರ ಚಾಟಿನ ಸ್ಕ್ರೀನ್‌ಶಾಟ್ ಇನ್ನೊಬ್ಬರಿಗೆ ಹೋಗುತ್ತೆ. "ಪ್ರಾರ್ಥನೆಗೋಸ್ಕರ ಹೇಳ್ತಿದ್ದೀನಿ ಸಿಸ್ಟರ್" ಅಂತ ಶುರುವಾಗಿ ಚಾಡಿಯಲ್ಲಿ ಮುಗಿಯುತ್ತೆ. ಉರಿಯೋ ಬೆಂಕಿಗೆ ತುಪ್ಪ ಸುರಿಯುವವರಾಗಬೇಡಿ. ಪೊರಕೆ ಹಿಡಿದ ಆ ಅಮ್ಮನ ಹಾಗೆ ಆಗಿ.

ಕೊನೆಗೆ ಒಂದು ಎಚ್ಚರಿಕೆ. ತಗ್ಗಿಸಿಕೊಳ್ಳುವುದು ಅಂದರೆ ಅನ್ಯಾಯವನ್ನು ಮುಚ್ಚಿಡುವುದಲ್ಲ. ಯಾರಾದರೂ ನಿಮ್ಮನ್ನು ಹಿಂಸಿಸುತ್ತಿದ್ದರೆ, ಕೆಟ್ಟದಾಗಿ ನಡೆದುಕೊಂಡರೆ, ಸಭೆಯ ಒಗ್ಗಟ್ಟಿಗೋಸ್ಕರ ಸುಮ್ಮನಿರು ಅಂತ ಈ ವಾಕ್ಯವನ್ನು ತೋರಿಸಿ ನಿಮ್ಮ ಬಾಯಿ ಮುಚ್ಚಿಸಲು ಯಾರಿಗೂ ಅಧಿಕಾರವಿಲ್ಲ. ಅಂಥದ್ದು ನಡೆದರೆ ನಂಬಿಕಸ್ಥರ ಹತ್ತಿರ ಹೇಳಿ, ಬೇಕಾದರೆ ಕಾನೂನಿನ ಸಹಾಯ ಪಡೆಯಿರಿ. ಕ್ರಿಸ್ತನು ತಾನಾಗಿ ಇಳಿದನು, ಆತನನ್ನು ಯಾರೂ ತುಳಿದು ಇಳಿಸಲಿಲ್ಲ. ನಾನು ಇವತ್ತು ಮಾತಾಡಿದ್ದು ನಮ್ಮ ಮಾನಕ್ಕೆ ಬಿದ್ದ ಪೆಟ್ಟಿನ ಬಗ್ಗೆ, ನಾವೇ ಹಿಡಿದುಕೊಂಡಿರೋ ಹಠದ ಬಗ್ಗೆ.

ಮುಂದಿನ ಭಾನುವಾರ ಕರ್ತನ ಮೇಜು. ಇನ್ನೂ ಏಳು ದಿನ ಇದೆ. ಈ ಪ್ರಸಂಗ ಶುರುವಾದಾಗಿನಿಂದ ನಿಮ್ಮ ಮನಸ್ಸಿಗೆ ಒಬ್ಬರ ಮುಖ ಬರ್ತಾ ಇದೆ ಅಲ್ವಾ? ನನಗೆ ಹೇಳಬೇಡಿ. ಅವರಿಗೆ ಹೇಳಿ.

ಎಲ್ಲರೂ ಕಣ್ಣು ಮುಚ್ಚೋಣ. ಕರ್ತನೇ, ನೀನು ನಮಗೋಸ್ಕರ ಇಷ್ಟು ಕೆಳಗೆ ಇಳಿದೆ. ನಾವು ಒಂದು ಮೆಟ್ಟಿಲು ಇಳಿಯಲು ಇಷ್ಟು ಕಷ್ಟಪಡುತ್ತಿದ್ದೇವೆ, ನಮ್ಮನ್ನು ಕ್ಷಮಿಸು. ನಿನ್ನ ಮನಸ್ಸನ್ನು ನಮ್ಮಲ್ಲಿ ಹುಟ್ಟಿಸು. ಮಾತು ಬಿಟ್ಟಿರುವವರ ಮಧ್ಯೆ ನೀನೇ ಬಂದು ನಿಲ್ಲು. ಮೊದಲ ಮಾತು ಆಡುವ ಧೈರ್ಯವನ್ನು ನಮಗೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.

ಸೆಲ್ ಗ್ರೂಪ್ ಚರ್ಚೆಗೆ

1. ಯುವೊದ್ಯ ಮತ್ತು ಸಂತುಕೆಯ ಜಗಳದ ಕಾರಣವನ್ನು ಪೌಲನು ಬರೆಯದೆ ಇದ್ದದ್ದರಿಂದ ನಮಗೆ ಏನು ಪಾಠ?

2. ಒಂದೇ ಅಭಿಪ್ರಾಯ ಇರುವುದಕ್ಕೂ ಒಂದೇ ಮನಸ್ಸು ಇರುವುದಕ್ಕೂ ವ್ಯತ್ಯಾಸವೇನು? ನಿಮ್ಮ ಟೀಮಿನಿಂದ ಒಂದು ಉದಾಹರಣೆ ಕೊಡಿ. ಯಾರ ಹೆಸರನ್ನೂ ಹೇಳಬೇಡಿ.

3. ಫಿಲಿಪ್ಪಿಯವರಿಗೆ 1:15-18 ಓದಿ. ತನ್ನ ಮೇಲಿನ ಪೈಪೋಟಿಯಿಂದ ಸುವಾರ್ತೆ ಸಾರಿದವರ ವಿಷಯದಲ್ಲಿ ಪೌಲನ ಧೋರಣೆ ಹೇಗಿತ್ತು?

4. ಈ ವಾರ ನೀವು ಮಾಡಬೇಕಾದ ಒಂದು ಫೋನ್ ಕಾಲ್ ಯಾವುದು?