ಬಡಾವಣೆಯಲ್ಲಿ ಮನೆಯೂ ಮಳಿಗೆಯೂ

ಪಟ್ಟಣ ಬೆಳೆದಂತೆಲ್ಲ ಅದರ ಅಂಚಿನಲ್ಲಿ ಬಡಾವಣೆಗಳು ಏಳುತ್ತವೆ. ಬಡಾವಣೆ ಏಳುವುದಕ್ಕೆ ಮುಂಚೆ ಅದರ ನಕ್ಷೆ ಸಿದ್ಧವಾಗುತ್ತದೆ. ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಶಾಲೆ, ಎಲ್ಲಿ ಉದ್ಯಾನ ಎಂಬುದನ್ನು ಅಧಿಕಾರಿಗಳು ಮೇಜಿನ ಮೇಲೆ ಹಾಳೆ ಹರಡಿಕೊಂಡು ನಿಶ್ಚಯಿಸುತ್ತಾರೆ. ಮುಂದೆ ಅಲ್ಲಿ ಬಾಳುವವರು ಹಾಲಿಗೆ ಎಷ್ಟು ದೂರ ನಡೆಯಬೇಕು, ಬಾಡಿಗೆ ಎಷ್ಟು ತೆರಬೇಕು, ರಾತ್ರಿ ಎಷ್ಟು ಹೊತ್ತಿಗೆ ಬೀದಿಯ ಸದ್ದಡಗುತ್ತದೆ ಎಂಬುದೆಲ್ಲ ಬಹುಮಟ್ಟಿಗೆ ಆ ಗೆರೆಗಳಿಂದಲೇ ತೀರ್ಮಾನವಾಗಿಬಿಡುತ್ತದೆ. ಇಷ್ಟು ದೊಡ್ಡ ವಿಷಯವನ್ನು ನಾವು ವಿದ್ಯಾರ್ಥಿಗಳು ಎಂಜಿನಿಯರುಗಳ ಕೆಲಸವೆಂದು ಬದಿಗಿಟ್ಟಿದ್ದೇವೆ. ಅದು ಅರ್ಥಶಾಸ್ತ್ರದ ವಿಷಯವೂ ಹೌದೆಂದು ತೋರಿಸುವುದು ಈ ಲೇಖನದ ಉದ್ದೇಶ. ಉದಾಹರಣೆಗೆ ಬೆಂಗಳೂರಿನ ಜಯನಗರವನ್ನು ತೆಗೆದುಕೊಂಡಿದ್ದೇನೆ. ಕಾರಣ, ಅದು ಉಪನಗರವಾಗಿ ಹುಟ್ಟಿ ಈಗ ಊರಿನ ನಡುವೆ ಸೇರಿಹೋಗಿದೆ. ನಕ್ಷೆಯಲ್ಲಿ ಬರೆದುದು ಏನಾಯಿತೆಂಬುದನ್ನು ಅಲ್ಲಿ ಪೂರ್ತಿಯಾಗಿ ನೋಡಬಹುದು.

ಬೆಂಗಳೂರಿನಲ್ಲಿ ಬಡಾವಣೆ ಕಟ್ಟುವ ಪದ್ಧತಿಗೆ ಬಲವಾದ ಪ್ರೇರಣೆ ದೊರೆತದ್ದು ರೋಗದಿಂದ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಜನ ಸತ್ತ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಗಾಳಿ ಬೆಳಕಿರುವ ನೇರವಾದ ರಸ್ತೆಗಳೊಡನೆ ಮೈದಳೆದವು. ಅದೇ 1898ರಲ್ಲಿ ಇಂಗ್ಲೆಂಡಿನ ಎಬೆನೆಜರ್ ಹೊವಾರ್ಡ್ ಉದ್ಯಾನ ನಗರಗಳ ಕಲ್ಪನೆಯನ್ನು ಪುಸ್ತಕರೂಪದಲ್ಲಿ ಮುಂದಿಟ್ಟನೆಂಬುದು ಒಂದು ಸ್ವಾರಸ್ಯ. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಸ್ಥಾಪಿತವಾಯಿತು. 1948ರಲ್ಲಿ ಅಂದಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿಯವರು ಜಯನಗರಕ್ಕೆ ಅಡಿಗಲ್ಲಿಟ್ಟರು. ಏಷ್ಯಾ ಖಂಡದಲ್ಲೇ ದೊಡ್ಡ ಬಡಾವಣೆ ಇದು ಎಂದು ಅಲ್ಲಿನ ಹಿರಿಯರು ಹೇಳಿಕೊಳ್ಳುವುದುಂಟು. ಏಷ್ಯಾ ಖಂಡವನ್ನು ಅಳೆದು ನೋಡುವ ಅನುಕೂಲ ನನಗಿಲ್ಲದ ಕಾರಣ ಆ ವಾದಕ್ಕೆ ಕೈಹಾಕುವುದಿಲ್ಲ.

ಜಯನಗರವನ್ನು ಬ್ಲಾಕುಗಳಾಗಿ ವಿಂಗಡಿಸಿದ್ದಾರೆ. ಮನೆಗಳ ಬೀದಿಗಳು, ಅಲ್ಲಲ್ಲಿ ಉದ್ಯಾನಗಳು, ನಡುವೆ ನಾಲ್ಕನೆಯ ಬ್ಲಾಕಿನಲ್ಲಿ ಇಡೀ ಬಡಾವಣೆಗೆ ಒಂದು ದೊಡ್ಡ ವ್ಯಾಪಾರ ಸಂಕೀರ್ಣ, ಪಕ್ಕದಲ್ಲಿ ಬಸ್ಸು ನಿಲ್ದಾಣ. ತರಕಾರಿ, ಬಟ್ಟೆ, ಪಾತ್ರೆ ಎಲ್ಲ ಅಲ್ಲಿ. ಸಿನಿಮಾ ಬೇಕಾದವರಿಗೆ ಪುಟ್ಟಣ್ಣ ಕಣಗಾಲರ ಹೆಸರಿನ ಚಿತ್ರಮಂದಿರವೂ ಅಲ್ಲೇ ಇತ್ತು, ಈಗ ಇಲ್ಲ. ವ್ಯಾಪಾರವನ್ನು ಒಂದೆಡೆ ಕೂಡಿಸಿದರೆ ಮಿಕ್ಕ ಬೀದಿಗಳು ಮನೆಗಳಿಗೇ ಉಳಿಯುತ್ತವೆ ಎಂಬುದು ಇಂತಹ ನಕ್ಷೆಗಳ ಹಿಂದಿನ ಎಣಿಕೆ. ಅಮೆರಿಕದ ಕ್ಲಾರೆನ್ಸ್ ಪೆರಿ 1929ರಲ್ಲಿ ನೆರೆಹೊರೆಯ ಘಟಕವೆಂಬ ಯೋಜನೆ ಕೊಟ್ಟಾಗ ಶಾಲೆಯನ್ನು ನಡುವೆ ಇಟ್ಟು ಅಂಗಡಿಗಳನ್ನು ಅಂಚಿನ ಕೂಡುರಸ್ತೆಗಳಲ್ಲಿ ಇಟ್ಟ. ಜಯನಗರದಲ್ಲಿ ಅಂಗಡಿ ನಡುವೆ ಬಂದಿತು. ಕ್ರಮ ಬೇರೆಯಾದರೂ ಮನೆ ಬೇರೆ, ಮಳಿಗೆ ಬೇರೆ ಎಂಬ ತತ್ವ ಒಂದೇ.

ಈಗ ಅದೇ ನಾಲ್ಕನೆಯ ಬ್ಲಾಕಿನ 11ನೆಯ ಮುಖ್ಯರಸ್ತೆಯಲ್ಲಿ ನಡೆದು ನೋಡಿ. ಎಡಕ್ಕೂ ಬಲಕ್ಕೂ ಬಟ್ಟೆಯಂಗಡಿ, ಒಡವೆಯಂಗಡಿ, ಹೋಟೆಲು. ಸಂಕೀರ್ಣದೊಳಗೆ ಇರಬೇಕೆಂದ ವ್ಯಾಪಾರ ಸುತ್ತಲಿನ ಬೀದಿಗಳಿಗೆ ಹರಿದಿದೆ. ಇದು ಮನೆಯವರ ಆಸೆಬುರುಕತನವೆಂದು ಬೈಯುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ರಿಕಾರ್ಡೋ 1817ರಲ್ಲಿ ಹೊಲಗಳ ಗೇಣಿಯನ್ನು ಕುರಿತು ಹೇಳಿದುದನ್ನು ನಾವೆಲ್ಲರೂ ಓದಿದ್ದೇವೆ. ನೆಲ ಹೆಚ್ಚು ಫಲವತ್ತಾದರೆ ಗೇಣಿಯೂ ಹೆಚ್ಚು. ಪೇಟೆಯ ನೆಲದ ಫಲವತ್ತೆಂದರೆ ಅದರ ಮುಂದೆ ಹಾದುಹೋಗುವ ಜನ. ದೊಡ್ಡ ಮಾರುಕಟ್ಟೆಯನ್ನು ಒಂದು ಕಡೆ ಕಟ್ಟಿದೊಡನೆ ಅದರ ಸುತ್ತಲಿನ ನೆಲವೆಲ್ಲ ಫಲವತ್ತಾಯಿತು. ಅಂಗಡಿಯವನು ಕೊಡಬಲ್ಲ ಬಾಡಿಗೆಯನ್ನು ಸಂಸಾರಸ್ಥನು ಕೊಡಲಾರ. ಪಿಂಚಣಿಯಲ್ಲಿ ಬದುಕುವ ಮುದುಕ ದಂಪತಿಗಳು ಕೆಳಗಿನ ಅಂತಸ್ತನ್ನು ಅಂಗಡಿಗೆ ಕೊಟ್ಟು ತಾವು ಮೇಲಕ್ಕೆ ಹೋದರೆ ಅದರಲ್ಲಿ ಆಶ್ಚರ್ಯವೇನು? ಹಾಗೆ ಒಬ್ಬರು ಕೊಟ್ಟ ಮೇಲೆ ಪಕ್ಕದ ಮನೆಯವರಿಗೆ ನಿದ್ದೆ ಕೆಡುತ್ತದೆ, ಗೇಟಿನ ಮುಂದೆ ಗಾಡಿಗಳು ನಿಲ್ಲುತ್ತವೆ. ವಾಸಕ್ಕೆ ಆ ಮನೆಯ ಬೆಲೆ ಇಳಿದು ಅಂಗಡಿಗೆ ಅದರ ಬೆಲೆ ಏರುತ್ತದೆ. ಅವರೂ ಕೊಡುತ್ತಾರೆ. ಹೀಗೆ ಒಂದರ ಹಿಂದೊಂದರಂತೆ ಬೀದಿಯೇ ತಿರುಗುತ್ತದೆ. ಗೆರೆ ಎಳೆದವರು ಗೇಣಿಯ ಲೆಕ್ಕ ಹಾಕಲಿಲ್ಲ.

ಇದನ್ನು ತಡೆಯಲು ಶಾಸನ ಇಲ್ಲದೆ ಇಲ್ಲ. 1961ರ ಮೈಸೂರು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯೇ ಈಗ ಕರ್ನಾಟಕದ ಹೆಸರಿನಲ್ಲಿದೆ. ಅದರ ಪ್ರಕಾರ ಪ್ರತಿ ಊರಿಗೂ ಮಹಾಯೋಜನೆ ಮಾಡಿ ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು. ನಕ್ಷೆಯಲ್ಲಿ ವಾಸಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಉದ್ಯಾನಕ್ಕೆ ಹಸಿರು ಬಣ್ಣ ಬಳಿಯುವುದು ವಾಡಿಕೆ. ಬೆಂಗಳೂರಿಗೆ 1984ರಲ್ಲಿ ಒಂದು ಯೋಜನೆ, 1995ರಲ್ಲಿ ಒಂದು, 2007ರಲ್ಲಿ ಮತ್ತೊಂದು ಬಂದವು. 2007ರ ಯೋಜನೆ 2015ನೆಯ ಇಸವಿಯನ್ನು ಗುರಿಯಾಗಿಟ್ಟುಕೊಂಡಿತ್ತು. ಅದರಲ್ಲಿ ವಾಸದ ನೆಲವನ್ನು ಮುಖ್ಯ, ಮಿಶ್ರ ಎಂದು ಎರಡಾಗಿ ಮಾಡಿ, ಕೆಲವು ದೊಡ್ಡ ರಸ್ತೆಗಳ ಬದಿಯಲ್ಲಿ ವ್ಯಾಪಾರ ದಟ್ಟವಾಗಿ ಬೆಳೆಯಲೆಂದು ಮ್ಯುಟೇಷನ್ ಕಾರಿಡಾರ್ ಎಂಬ ಪಟ್ಟೆಗಳನ್ನೂ ಎಳೆದರು. 2031ರ ಯೋಜನೆಯ ಕರಡು 2017ರಲ್ಲಿ ಹೊರಬಂದು ಆಮೇಲೆ ಹಿಂದಕ್ಕೆ ಹೋಯಿತು. 2015ಕ್ಕೆಂದು ಮಾಡಿದ ನಕ್ಷೆಯಿಂದಲೇ ಆ ಇಸವಿ ದಾಟಿದ ಮೇಲೂ ವರ್ಷಾನುವರ್ಷ ಕೆಲಸ ನಡೆಯಿತು. ಬೀದಿಗಳು ಮಾತ್ರ ಯಾವ ಕರಡಿಗೂ ಕಾಯಲಿಲ್ಲ.

ವಿದ್ವಾಂಸರಲ್ಲಿ ಇಲ್ಲಿ ಎರಡು ಪಕ್ಷಗಳಿವೆ. ಮನೆಯ ಬೀದಿಗೆ ವ್ಯಾಪಾರ ಬರಲೇಕೂಡದೆಂಬುದು ಒಂದು. 1926ರಲ್ಲಿ ಅಮೆರಿಕದ ಶ್ರೇಷ್ಠ ನ್ಯಾಯಾಲಯ ಕ್ಲೀವ್‌ಲೆಂಡ್ ನಗರದ ಉಪನಗರವಾದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ, ಹಾಗೆ ವಿಂಗಡಿಸುವ ಅಧಿಕಾರ ಊರಿಗೆ ಉಂಟೆಂದು ತೀರ್ಪು ಕೊಟ್ಟಿತು. ಇನ್ನೊಂದು ಪಕ್ಷಕ್ಕೆ ಜೇನ್ ಜೇಕಬ್ಸ್ ಎಂಬ ಮಹಿಳೆ ಮುಂದಾಳು. ಅಂಗಡಿಯೂ ಮನೆಯೂ ಬೆರೆತ ಬೀದಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಜನರ ಕಣ್ಣು ಇರುವುದರಿಂದ ಅದೇ ಕ್ಷೇಮವೆಂದು ಆಕೆ 1961ರಲ್ಲಿ ವಾದಿಸಿದರು. ನಮ್ಮ ಕಾಯಿದೆ ಬಣ್ಣ ಹಚ್ಚಲು ಹೊರಟ ವರ್ಷವೂ ಅದೇ!

ನನ್ನ ಅಭಿಪ್ರಾಯದಲ್ಲಿ ಎರಡು ಪಕ್ಷದವರೂ ವ್ಯಾಪಾರವೆಂಬುದನ್ನು ಒಂದೇ ವಸ್ತುವೆಂದು ಹಿಡಿದು ಮಾತಾಡುತ್ತಾರೆ. ದರ್ಜಿಯ ಅಂಗಡಿಯೂ ವ್ಯಾಪಾರ, ಮೂರಂತಸ್ತಿನ ಸೀರೆಯ ಮಳಿಗೆಯೂ ವ್ಯಾಪಾರ. ಬೀದಿಯ ಮೇಲೆ ಅವು ಹೊರಿಸುವ ಭಾರ ಮಾತ್ರ ಒಂದೇ ಅಲ್ಲ. ಒಂದು ಲೆಕ್ಕ ನೋಡೋಣ. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನ 1,200 ಚದರಡಿ. ನಿವೇಶನದ ವಿಸ್ತಾರಕ್ಕೆ 1.75ರಷ್ಟು ಕಟ್ಟಬಹುದೆಂದು ಇಟ್ಟುಕೊಂಡರೆ ಎಲ್ಲ ಅಂತಸ್ತುಗಳೂ ಸೇರಿ 2,100 ಚದರಡಿ ಆಗುತ್ತದೆ. ಇದರಲ್ಲಿ ಎರಡು ಸಂಸಾರ ಇದ್ದರೆ ಎಂಟು ಹತ್ತು ಜನ, ಎರಡು ಮೂರು ವಾಹನ. ಅಷ್ಟೇ ಚದರಡಿಯಲ್ಲಿ ನಿಂತು ತಿನ್ನುವ ಹೋಟೆಲು ಬಂದರೆ ದಿನಕ್ಕೆ ನೂರಾರು ಜನ. ಎದುರಿನ ರಸ್ತೆ 30 ಅಡಿಯದು. ಎರಡು ಬದಿಯಲ್ಲೂ ಒಂದೊಂದು ಸಾಲು ಕಾರು ನಿಂತರೆ 12 ಅಡಿ ಹೋಗಿ 18 ಅಡಿ ಉಳಿಯುತ್ತದೆ. ನೀರಿನ ಕೊಳವೆ, ಚರಂಡಿ, ವಿದ್ಯುತ್ತಿನ ತಂತಿ ಇವನ್ನೂ ಹಾಕಿದ್ದು ಆ ಎರಡು ಸಂಸಾರಗಳ ಲೆಕ್ಕಕ್ಕೆ. ಕಟ್ಟಡದ ಅಳತೆಯನ್ನು ಅಂಗುಲ ಅಂಗುಲವಾಗಿ ಕೇಳುವ ನಿಯಮಗಳು ಅದರೊಳಗೆ ದಿನಕ್ಕೆ ಎಷ್ಟು ಜನ ಬಂದು ಹೋಗುತ್ತಾರೆಂಬುದನ್ನೂ ಕೇಳಬೇಡವೇ? ಹಳದಿಯೋ ನೀಲಿಯೋ ಎಂಬುದಕ್ಕಿಂತ ಆ ಪ್ರಶ್ನೆ ದೊಡ್ಡದು.

ಭಾರ ಹೊರಿಸದ ವ್ಯಾಪಾರದ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನನ್ನ ಕಾಲೇಜಿನ ಶುಲ್ಕ ಬಂದದ್ದೇ ಅದರಿಂದ. ನಮ್ಮ ತಂದೆಯವರು ಜಯನಗರದ ಒಂದು ಅಡ್ಡರಸ್ತೆಯಲ್ಲಿ ಮರದ ಕೆಳಗೆ ತಳ್ಳುಗಾಡಿ ಇಟ್ಟುಕೊಂಡು ಬಟ್ಟೆ ಇಸ್ತ್ರಿ ಮಾಡುತ್ತಾರೆ. ಗಾಡಿ ನಿಲ್ಲಲು ಬೇಕಾದುದು ಆರಡಿ ನೆಲ. ಗಿರಾಕಿಗಳು ನಡೆದು ಬರುತ್ತಾರೆ, ಇಲ್ಲವೇ ನಮ್ಮವರೇ ಮನೆಗೆ ಹೋಗಿ ಗಂಟು ತರುತ್ತಾರೆ. ಎದುರು ಮನೆಯ ಅಜ್ಜಿ ಊರಿಗೆ ಹೊರಟರೆ, ‘ಸ್ವಲ್ಪ ಮನೆ ಕಡೆ ನೋಡ್ಕೋಪ್ಪಾ’ ಎಂದು ಹೇಳಿ ಬೀಗದ ಕೈ ಕೊಟ್ಟು ಹೋಗುತ್ತಿದ್ದರು. ಜೇಕಬ್ಸ್ ಹೇಳಿದ ಬೀದಿಯ ಕಣ್ಣನ್ನು ನಾನು ಪುಸ್ತಕಕ್ಕೆ ಮುಂಚೆ ಅಲ್ಲಿ ನೋಡಿದ್ದೆ. ಮೂರು ವರ್ಷದ ಹಿಂದೆ ಆ ಮನೆ ಮಾರಾಟವಾಗಿ ಬಟ್ಟೆಯ ಮಳಿಗೆಯಾಯಿತು. ಮಳಿಗೆಯವರ ಕಾರುಗಳಿಗೆ ಸ್ಥಳ ಬೇಕಾಗಿ ಗಾಡಿ ಎರಡು ಬೀದಿ ಆಚೆಗೆ ಹೋಯಿತು. ಹಳೆಯ ಗಿರಾಕಿಗಳಲ್ಲಿ ಅರ್ಧ ಜನ ಅಷ್ಟು ದೂರ ಬರಲಿಲ್ಲ. ಆ ವರ್ಷ ನಾನು ಬಣ್ಣದ ನಕ್ಷೆಯೊಂದನ್ನು ಮನೆಗೆ ತಂದು ತೋರಿಸಿದೆ. ತಂದೆಯವರು ಬಹಳ ಹೊತ್ತು ನೋಡಿ, ‘ನಮ್ಮ ಮರ ಯಾವ ಬಣ್ಣದಲ್ಲೈತೆ?’ ಎಂದು ಕೇಳಿದರು. ಮರ ಇದ್ದುದು ರಸ್ತೆಯಲ್ಲಿ. ಅಲ್ಲಿ ವಾಸವೂ ಇಲ್ಲ, ವಾಣಿಜ್ಯವೂ ಇಲ್ಲ.

ಬೀದಿ ಹಳದಿಯಾಗಿಯೇ ಉಳಿದರೆ ಇಂಥವರನ್ನು ಅಕ್ರಮವೆಂದು ಎಬ್ಬಿಸಬಹುದು. ನೀಲಿಯಾದರೆ ಬಾಡಿಗೆಯೂ ಕಾರುಗಳೂ ಎಬ್ಬಿಸುತ್ತವೆ. ಎರಡು ದಾರಿಯೂ ಅವರನ್ನು ಬೀದಿಯಿಂದ ಹೊರಗೇ ಕರೆದೊಯ್ಯುತ್ತವೆ. 2014ರಲ್ಲಿ ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸಲು ಕೇಂದ್ರದ ಕಾಯಿದೆಯೊಂದು ಬಂದಿದೆ. ಒಂದು ವಾರ್ಡಿನ ಜನಸಂಖ್ಯೆಯ ನೂರಕ್ಕೆ 2.5ರ ಮಿತಿಯೊಳಗೆ ವ್ಯಾಪಾರಿಗಳಿಗೆ ಸ್ಥಳ ಕೊಡಬೇಕೆಂದೂ, ಅದನ್ನು ನೋಡಿಕೊಳ್ಳುವ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕೆಂದೂ ಅದು ಹೇಳುತ್ತದೆ. 40,000 ಜನರಿರುವ ವಾರ್ಡಿಗೆ ಇದು 1,000 ವ್ಯಾಪಾರಿಗಳವರೆಗೆ ಆಗುತ್ತದೆ. ಆರಡಿ ಉದ್ದ, ನಾಲ್ಕಡಿ ಅಗಲದಂತೆ ಒಬ್ಬೊಬ್ಬರಿಗೆ 24 ಚದರಡಿ ಎಂದರೆ ಸಾವಿರ ಜನಕ್ಕೆ 24,000 ಚದರಡಿ. ಮೇಲೆ ಹೇಳಿದ ಅಳತೆಯ ಇಪ್ಪತ್ತು ನಿವೇಶನಗಳಷ್ಟು! ಒಂದು ಬಡಾವಣೆಗೆ ಇದೊಂದು ಭಾರವೇ ಅಲ್ಲ. ಆದರೆ ಮೊದಲೇ ತೆಗೆದಿಡದಿದ್ದರೆ ಆಮೇಲೆ ಅಂಗೈಯಗಲವೂ ಸಿಗುವುದಿಲ್ಲ.

ಹಾಗಾದರೆ ಹೊಸ ಬಡಾವಣೆಗಳಲ್ಲಿ ಏನು ಮಾಡಬಹುದು? 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಯನ್ನು ನಮ್ಮ ಗ್ರಂಥಾಲಯದಲ್ಲಿ ಓದಿದೆ. ಬಡಾವಣೆಯ ನೂರಕ್ಕೆ 15 ಭಾಗಕ್ಕೆ ಕಡಮೆಯಿಲ್ಲದ ನೆಲ ಉದ್ಯಾನ, ಆಟದ ಬಯಲುಗಳಿಗೆ; ಅದಲ್ಲದೆ ನೂರಕ್ಕೆ 10ಕ್ಕೆ ಕಡಮೆಯಿಲ್ಲದಂತೆ ನಾಗರಿಕ ಸೌಲಭ್ಯಗಳಿಗೆ ಎಂದು ಅದರಲ್ಲಿದೆ. ಸಾವಿರ ಎಕರೆಯ ಬಡಾವಣೆಯಾದರೆ ಸೌಲಭ್ಯಗಳಿಗೆ ನೂರು ಎಕರೆ. ನಾಗರಿಕ ಸೌಲಭ್ಯವೆಂದರೆ ಶಾಲೆ, ಆಸ್ಪತ್ರೆ ಎಂದೇ ನಾವು ತಿಳಿದಿರುತ್ತೇವೆ. ಕಾಯಿದೆಯ ವಿವರಣೆಯಲ್ಲಿ ಮಾರುಕಟ್ಟೆ, ನ್ಯಾಯಬೆಲೆ ಅಂಗಡಿ, ಹಾಲಿನ ಬೂತು ಇವೂ ಸೇರಿವೆ. ಬಾಗಿಲು ತೆರೆದೇ ಇದೆ. ಈ ನೆಲದಲ್ಲಿ ಒಂದು ಪಾಲನ್ನು ಒಂದೇ ದೊಡ್ಡ ಸಂಕೀರ್ಣಕ್ಕೆ ಕೊಡದೆ, ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವಂತೆ ಚಿಕ್ಕ ಚಿಕ್ಕ ಸಂತೆಕಟ್ಟೆಗಳಾಗಿ ಹಂಚಿದರೆ, ಜಯನಗರದಲ್ಲಿ ಆದಂತೆ ಒಂದೇ ಕಡೆ ಗೇಣಿ ಗುಡ್ಡೆಯಾಗುವುದು ತಪ್ಪುತ್ತದೆ. ಉದ್ಯಾನದ ಗೋಡೆಯ ಹೊರಗೆ, ಮರಗಳ ಸಾಲಿನಲ್ಲಿ, ಗಾಡಿಗಳಿಗೆ ಸಂಖ್ಯೆ ಹಾಕಿದ ಸ್ಥಳ ಇರಲಿ.

ಮೂಲೆ ನಿವೇಶನಗಳ ಮಾತೊಂದಿದೆ. ಪ್ರಾಧಿಕಾರವು ಅವನ್ನು ಹಂಚದೆ ಹರಾಜು ಹಾಕುವ ಪದ್ಧತಿ ಇದೆ. ಅವುಗಳಿಂದ ಒಳ್ಳೆಯ ಹಣ ಬರುತ್ತದೆ. ಅಷ್ಟು ಬೆಲೆ ಕೊಟ್ಟು ಕೊಂಡವನು ದುಡ್ಡು ಹಿಂದಕ್ಕೆ ಬರುವ ದಾರಿ ನೋಡದೆ ಇರುತ್ತಾನೆಯೇ? ಪ್ರತಿ ಹತ್ತರಲ್ಲಿ ಒಂದು ಮೂಲೆಯನ್ನಾದರೂ ಹರಾಜಿಗೆ ಹಾಕದೆ, ದಿನಸಿ, ಔಷಧ, ದರ್ಜಿ, ಸೈಕಲ್ ರಿಪೇರಿ ಇಂಥವಕ್ಕೆ ಸಣ್ಣ ಮಳಿಗೆ ಕಟ್ಟಿ ಬಾಡಿಗೆಗೆ ಕೊಡಬಹುದೆಂದು ನನಗೆ ತೋರುತ್ತದೆ. ದೊಡ್ಡ ಮಳಿಗೆಗಳಿಗೆ ಅಗಲವಾದ ರಸ್ತೆಯ ಬದಿಯೇ ಸರಿ, ಆದರೆ ವಾಹನಗಳಿಗೆ ತಮ್ಮ ನೆಲದಲ್ಲೇ ಸ್ಥಳ ಬಿಟ್ಟುಕೊಂಡು. ಮನೆಯ ಮುಂಗೋಣೆಯಲ್ಲಿ ಮನೆಯವರೇ ನಡೆಸುವ ಕಸುಬಿಗೆ ಯಾರೂ ಅಡ್ಡಿ ಮಾಡಬಾರದು. ಇದನ್ನೆಲ್ಲ ನೋಡಿಕೊಳ್ಳುವವರು ಯಾರು ಎಂದು ನಮ್ಮ ಅಧ್ಯಾಪಕರೊಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಆದರೆ ಹಳದಿ ನೀಲಿಯನ್ನು ಕಾಯುವುದಕ್ಕೂ ಜನ ಬೇಕಷ್ಟೆ.

ಈ ವಿಷಯಕ್ಕೆ ಈಗ ಅವಸರವೂ ಬಂದಿದೆ. 2017ರ ಜೂನಿನಲ್ಲಿ ಮೆಟ್ರೋದ ಹಸಿರು ಮಾರ್ಗ ಜಯನಗರವನ್ನು ಹಾದು ಓಡಿತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೊರಟಿತು. ನಿಲ್ದಾಣವಿದ್ದ ಕಡೆ ಜನ, ಜನವಿದ್ದ ಕಡೆ ಗೇಣಿ. ಇನ್ನೂ ಮನೆಗಳಿರುವ ಬೀದಿಗಳ ಸರದಿ ಮುಂದಿದೆ. ಒಂದು ನಿವೇಶನದ ಬಳಕೆಯನ್ನು ವಾಸದಿಂದ ವಾಣಿಜ್ಯಕ್ಕೆ ಬದಲಿಸುವಾಗ ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಕೇಳಬೇಕೆಂದು 1961ರ ಕಾಯಿದೆಯಲ್ಲಿದೆ. ಆ ಪ್ರಕಟಣೆ ಒಳಪುಟದಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಬಂದರೆ ಯಾರ ಕಣ್ಣಿಗೆ ಬಿದ್ದೀತು? ಅದೇ ಬೀದಿಯ ಕಂಬಕ್ಕೆ ಕನ್ನಡದಲ್ಲಿ ಒಂದು ಹಲಗೆ ಕಟ್ಟುವುದು ದೊಡ್ಡ ಖರ್ಚಿನ ಕೆಲಸವಲ್ಲ.

ಆಕ್ಷೇಪಣೆ ಬರೆಯುವುದಕ್ಕೆ ವಕೀಲರು ಬೇಕಿಲ್ಲ. ಬಿಳಿಯ ಹಾಳೆಯ ಮೇಲೆ ನಿವೇಶನದ ಸಂಖ್ಯೆ, ರಸ್ತೆಯ ಅಗಲ, ಬರಲಿರುವ ವ್ಯಾಪಾರದ ಬಗೆ, ಅದರಿಂದ ಯಾರಿಗೆ ಏನು ತೊಂದರೆ ಎಂಬುದನ್ನು ಬರೆದು ಸಹಿ ಮಾಡಿದರೆ ಆಯಿತು. ರಸ್ತೆಯ ಅಗಲವನ್ನು ಮಾತ್ರ ಅಳೆದೇ ಬರೆಯಬೇಕು. ಪರೀಕ್ಷೆ ಮುಗಿದ ಮೇಲೆ ಟೇಪು ಹಿಡಿದು ಒಂದು ಬ್ಲಾಕಿನ ಬೀದಿಗಳನ್ನು ಅಳೆದು, ಯಾವ ಬೀದಿಯಲ್ಲಿ ಯಾವ ಕಸುಬುಗಳಿವೆ, ಎಷ್ಟು ಗಾಡಿಗಳಿವೆ ಎಂದು ಗುರುತು ಹಾಕಿಕೊಳ್ಳಲು ನಮ್ಮ ತರಗತಿಯ ಮೂವರು ಒಪ್ಪಿದ್ದಾರೆ. ನಾಲ್ಕನೆಯವರು ಬೇಕಾಗಿದ್ದಾರೆ.