ಡಿಸ್ಕ್ ಕೆಟ್ಟಿದೆ ಎನ್ನುವ ಮುನ್ನ: ಹಳೆಯ ಗಣಕಯಂತ್ರದಲ್ಲಿ ಸಂಗ್ರಹ ನಿಯಂತ್ರಕದ ಚಾಲಕವನ್ನು ಅಳವಡಿಸುವ ಕ್ರಮ

ಬೇಗೂರು, ಬೊಮ್ಮನಹಳ್ಳಿ, ಹೊಂಗಸಂದ್ರದ ಸುತ್ತಮುತ್ತಲಿನ ಸಣ್ಣ ಕಾರ್ಯಾಗಾರಗಳಲ್ಲಿಯೂ ಸಿದ್ಧ ಉಡುಪಿನ ಘಟಕಗಳಲ್ಲಿಯೂ ಹದಿನೈದು-ಇಪ್ಪತ್ತು ವರ್ಷಗಳ ಹಿಂದೆ ಕೊಂಡ ಗಣಕಯಂತ್ರವೊಂದು ಮೂಲೆಯಲ್ಲಿ ಇಂದಿಗೂ ಕೆಲಸ ಮಾಡುತ್ತಿರುವುದು ಅಪರೂಪವೇನಲ್ಲ. ಇದನ್ನು ಜಿಪುಣತನವೆಂದು ಬಗೆಯಲಾಗದು. ಮಿಲ್ಲಿಂಗ್ ಯಂತ್ರಕ್ಕೆ ಸೀರಿಯಲ್ ಪೋರ್ಟಿನ ಮೂಲಕ ಪ್ರೋಗ್ರಾಂ ಕಳುಹಿಸುವ ತಂತ್ರಾಂಶ, ಪ್ಯಾರಲಲ್ ಪೋರ್ಟಿಗೆ ಡಾಂಗಲ್ ಸಿಕ್ಕಿಸದೆ ತೆರೆದುಕೊಳ್ಳದ ಕಸೂತಿ ವಿನ್ಯಾಸದ ತಂತ್ರಾಂಶ, ವ್ಯಾಟ್ ಕಾಲದ ಲೆಕ್ಕಪತ್ರಗಳು ಇವೆಲ್ಲ ಆ ಹಳೆಯ ಪೆಟ್ಟಿಗೆಯಲ್ಲಿಯೇ ಇರುತ್ತವೆ. ಹೊಸ ಗಣಕಯಂತ್ರದ ಬೆಲೆ ದೊಡ್ಡದಲ್ಲ. ಆದರೆ ಹೊಸ ವಿಂಡೋಸ್‌ನಲ್ಲಿ ಓಡುವ ತಂತ್ರಾಂಶಕ್ಕಾಗಿ ಯಂತ್ರದ ನಿಯಂತ್ರಣ ಘಟಕವನ್ನೇ ಬದಲಿಸಬೇಕಾಗಿ ಬಂದರೆ ಆ ವೆಚ್ಚವನ್ನು ಸಣ್ಣ ಉದ್ದಿಮೆದಾರರು ಭರಿಸುವುದು ಕಷ್ಟ.

ಇಂತಹ ಗಣಕಯಂತ್ರ ಒಂದು ದಿನ ನೀಲಿ ಪರದೆ ತೋರಿಸಿ ನಿಂತುಬಿಡುತ್ತದೆ. ದುರಸ್ತಿಗೆ ಬಂದವರು ಹಾರ್ಡ್ ಡಿಸ್ಕ್ ಹೋಗಿದೆ ಎನ್ನುತ್ತಾರೆ, ಇಲ್ಲವೇ ಫಾರ್ಮ್ಯಾಟ್ ಮಾಡಬೇಕು ಎನ್ನುತ್ತಾರೆ. ಫಾರ್ಮ್ಯಾಟ್ ಆದ ಮೇಲೆ ಹಳೆಯ ತಂತ್ರಾಂಶ, ಅದರ ಪರವಾನಗಿ ಕಡತ, ವರ್ಷಗಟ್ಟಲೆ ಕೂಡಿಟ್ಟ ಪ್ರೋಗ್ರಾಂಗಳು ಒಟ್ಟಿಗೇ ಇಲ್ಲವಾಗುತ್ತವೆ. ಅನೇಕ ಸಂದರ್ಭಗಳಲ್ಲಿ ಡಿಸ್ಕ್ ಸಂಪೂರ್ಣ ಸುಸ್ಥಿತಿಯಲ್ಲಿರುತ್ತದೆ. ಕೊರತೆ ಇರುವುದು ಸಂಗ್ರಹ ನಿಯಂತ್ರಕದ ಚಾಲಕ ತಂತ್ರಾಂಶದಲ್ಲಿ. ಆದುದರಿಂದ ಈ ವಿಷಯವನ್ನು ಮಾಲೀಕರೂ ಸ್ವಲ್ಪ ಮಟ್ಟಿಗೆ ತಿಳಿದಿರುವುದು ಒಳಿತು.

ನಿಯಂತ್ರಕ ಮತ್ತು ಅದರ ಚಾಲಕ

ಮದರ್‌ಬೋರ್ಡಿನ ಮೇಲೆ ಡಿಸ್ಕಿಗೂ ಪ್ರೊಸೆಸರಿಗೂ ನಡುವೆ ನಿಂತು ಮಾಹಿತಿಯನ್ನು ಸಾಗಿಸುವ ಮಂಡಲವೇ ಸಂಗ್ರಹ ನಿಯಂತ್ರಕ. ಮೊದಲಿನ ಡಿಸ್ಕುಗಳನ್ನು ಅಗಲವಾದ ಪಟ್ಟಿಯಂತಹ ಕೇಬಲ್ಲಿನಿಂದ ಜೋಡಿಸಲಾಗುತ್ತಿತ್ತು, ಇದು ಐಡಿಇ. ಕಿರಿದಾದ ಕೇಬಲ್ಲಿನ ಸಾಟಾ ಪದ್ಧತಿಯ ಮೊದಲ ನಿರ್ದಿಷ್ಟತೆ ಬಂದದ್ದು 2001ರಲ್ಲಿ. ಸಾಟಾ ಡಿಸ್ಕುಗಳೊಡನೆ ವ್ಯವಹರಿಸಲು ಎಎಚ್‌ಸಿಐ ಎಂಬ ಸಾಮಾನ್ಯ ಕ್ರಮವನ್ನು ಇಂಟೆಲ್ 2004ರಲ್ಲಿ ಪ್ರಕಟಿಸಿತು. ವಿಂಡೋಸ್ ಎಕ್ಸ್‌ಪಿ ಮಾರುಕಟ್ಟೆಗೆ ಬಂದದ್ದು 2001ರ ಅಕ್ಟೋಬರಿನಲ್ಲಿ. ಎಎಚ್‌ಸಿಐ ಚಾಲಕ ಅದರ ಸಿ.ಡಿ.ಯಲ್ಲಿ ಇಲ್ಲದಿರುವುದಕ್ಕೆ ಈ ವರ್ಷಗಳೇ ಕಾರಣ ಹೇಳುತ್ತವೆ.

ಇಲ್ಲಿ ಓದುಗರಿಗೆ ಒಂದು ಸಂದೇಹ ಬರಬಹುದು. ಚಾಲಕವೇ ಇಲ್ಲದಿದ್ದರೆ ವಿಂಡೋಸ್ ಚಿಹ್ನೆಯಾದರೂ ಪರದೆಯ ಮೇಲೆ ಮೂಡುವುದು ಹೇಗೆ? ಬೆಳಗ್ಗೆ ಕಾವಲುಗಾರ ತನ್ನ ಬಳಿಯ ಕೀಲಿಯಿಂದ ಗೋದಾಮಿನ ಬಾಗಿಲು ತೆರೆದು ಅಂದಿನ ಕೆಲಸಕ್ಕೆ ಬೇಕಾದ ಮೊದಲ ಸಾಮಾನನ್ನು ಹೊರಗಿಟ್ಟು ಹೊರಟುಹೋಗುತ್ತಾನೆ ಎಂದಿಟ್ಟುಕೊಳ್ಳೋಣ. ಆನಂತರ ಬರುವ ಮೇಲ್ವಿಚಾರಕರ ಬಳಿ ಸ್ವಂತ ಕೀಲಿ ಇರಬೇಕು. ಬಯೋಸ್ ಆ ಕಾವಲುಗಾರ. ವಿಂಡೋಸ್‌ನ ಆರಂಭದ ಕಡತಗಳನ್ನು ಡಿಸ್ಕಿನಿಂದ ಎತ್ತಿಕೊಡುವವರೆಗೆ ಮಾತ್ರ ಅದರ ಕೆಲಸ. ಮುಂದೆ ವಿಂಡೋಸ್ ತನ್ನದೇ ಚಾಲಕದಿಂದ ಡಿಸ್ಕನ್ನು ತಲುಪಬೇಕು. ಆ ಚಾಲಕವಿಲ್ಲದಿದ್ದಲ್ಲಿ ನೀಲಿ ಪರದೆ ಬಂದು, ಅದರಲ್ಲಿ 7ಬಿ ಎಂದು ಕೊನೆಗೊಳ್ಳುವ ಸಂಖ್ಯೆ ಕಾಣಿಸುತ್ತದೆ. ಆರಂಭದ ಡಿಸ್ಕನ್ನು ತಲುಪಲಾಗುತ್ತಿಲ್ಲ ಎಂಬುದಷ್ಟೇ ಈ ಸಂಖ್ಯೆಯ ಅರ್ಥ. ಡಿಸ್ಕ್ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ.

ನಿನ್ನೆಯವರೆಗೆ ಓಡುತ್ತಿದ್ದ ಯಂತ್ರಕ್ಕೆ ಇಂದು ಈ ಸ್ಥಿತಿ ಏಕೆ ಬಂದೀತು? ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸಿಆರ್2032 ಸೆಲ್ ಇದಕ್ಕೆ ಒಂದು ಸಾಮಾನ್ಯ ಕಾರಣ. ಆಯುಧಪೂಜೆ, ವಿಜಯದಶಮಿಯ ರಜೆಗೆ ಕಾರ್ಯಾಗಾರದ ಮುಖ್ಯ ಸ್ವಿಚ್ಚನ್ನೇ ಆರಿಸಿ ಹೋಗುವುದು ನಮ್ಮಲ್ಲಿ ವಾಡಿಕೆ. ಸೆಲ್ ಸೋತಿದ್ದರೆ ಬಯೋಸ್ ತನ್ನ ಎಲ್ಲ ಆಯ್ಕೆಗಳನ್ನೂ ಮರೆತು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತದೆ. ಆಗ ಐಡಿಇ ವಿಧದಲ್ಲಿದ್ದ ನಿಯಂತ್ರಕ ಎಎಚ್‌ಸಿಐ ಅಥವಾ ರೇಯ್ಡ್ ವಿಧಕ್ಕೆ ಹೊರಳಬಹುದು. ಗಣಕದ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಮೊದಲ ಅನುಮಾನ ಸೆಲ್ಲಿನ ಮೇಲೆಯೇ ಇರಲಿ. ಅಲ್ಪ ಬೆಲೆಯ ಸೆಲ್ ಬದಲಿಸಿ, ಬಯೋಸ್‌ನಲ್ಲಿ ನಿಯಂತ್ರಕದ ವಿಧವನ್ನು ಮೊದಲಿನಂತೆಯೇ ಇಟ್ಟರೆ ಯಂತ್ರ ಎಂದಿನಂತೆ ಎದ್ದು ನಿಲ್ಲುತ್ತದೆ. ಇಷ್ಟಕ್ಕೇ ಮುಗಿಯುವ ಕೆಲಸಕ್ಕಾಗಿ ಡಿಸ್ಕ್ ಫಾರ್ಮ್ಯಾಟ್ ಮಾಡಿಸುವುದೆಂದರೆ ಬೀಗ ತೆಗೆಯಲಿಲ್ಲವೆಂದು ಗೋದಾಮಿಗೆ ಬೆಂಕಿ ಇಟ್ಟಂತೆ.

ಪರೀಕ್ಷೆ ಮತ್ತು ನಕಲು

ಅನುಮಾನ ಪರಿಹಾರಕ್ಕೆ ಸುಲಭವಾದ ಉಪಾಯವೊಂದಿದೆ. ಸಿ.ಡಿ. ಅಥವಾ ಪೆನ್ ಡ್ರೈವ್‌ನಿಂದಲೇ ಓಡುವ ಲಿನಕ್ಸ್ ಒಂದರಿಂದ ಗಣಕವನ್ನು ಆರಂಭಿಸಬೇಕು. ಹಳೆಯ ನಿಯಂತ್ರಕಗಳ ಪೈಕಿ ಬಹುತೇಕ ಎಲ್ಲವುಗಳ ಚಾಲಕಗಳೂ ಲಿನಕ್ಸ್‌ನಲ್ಲಿ ಅಡಕವಾಗಿರುತ್ತವೆ. ತೀರ ಹಳೆಯ ಪ್ರೊಸೆಸರ್ ಆಗಿದ್ದಲ್ಲಿ 32-ಬಿಟ್ ಆವೃತ್ತಿಯನ್ನೇ ಆರಿಸಿಕೊಳ್ಳಬೇಕು. ಲಿನಕ್ಸ್‌ನಲ್ಲಿ ಕಡತಗಳು ಕಂಡು ತೆರೆದುಕೊಂಡರೆ ಡಿಸ್ಕ್ ಜೀವಂತವಾಗಿದೆ ಎಂದೇ ತಿಳಿಯಬಹುದು.

ಮುಂದಿನ ಯಾವ ಹೆಜ್ಜೆಗೂ ಮೊದಲು ಇಡೀ ಡಿಸ್ಕಿನ ಪಡಿಯಚ್ಚನ್ನು ಬೇರೊಂದು ಡಿಸ್ಕಿಗೆ ತೆಗೆಯತಕ್ಕದ್ದು. ಕಡತಗಳನ್ನು ಮಾತ್ರ ನಕಲು ಮಾಡಿದರೆ ಸಾಲದು. ತಂತ್ರಾಂಶದ ಪರವಾನಗಿ ಕೆಲವೊಮ್ಮೆ ಕಣ್ಣಿಗೆ ಕಾಣದ ಭಾಗಗಳಲ್ಲಿ ಇರುತ್ತದೆ. ಓದಲು ತಡವರಿಸುವ ಡಿಸ್ಕಿಗೆ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಸೂಕ್ತ. ಅದು ಸುಲಭವಾಗಿ ಓದಬಲ್ಲ ಭಾಗಗಳನ್ನು ಮೊದಲು ಎತ್ತಿಕೊಂಡು ಕಷ್ಟದ ಭಾಗಗಳಿಗೆ ಆಮೇಲೆ ಕೈಹಾಕುತ್ತದೆ. ಲೆಕ್ಕಪತ್ರದ ಗಣಕವಾಗಿದ್ದರೆ ಇದರಲ್ಲಿ ಕಾನೂನಿನ ಅಂಶವೂ ಸೇರಿದೆ. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 36ನೇ ಪ್ರಕರಣದಂತೆ ಲೆಕ್ಕಪುಸ್ತಕಗಳನ್ನು ವಾರ್ಷಿಕ ವಿವರಪಟ್ಟಿಯ ಅಂತಿಮ ದಿನಾಂಕದಿಂದ 72 ತಿಂಗಳು ಕಾಪಾಡಬೇಕಾಗುತ್ತದೆ; ಮೇಲ್ಮನವಿ ಇತ್ಯಾದಿ ಬಾಕಿಯಿದ್ದಲ್ಲಿ ಅವಧಿ ಇನ್ನೂ ಮುಂದುವರಿಯಬಹುದು.

ಸುಲಭದ ದಾರಿ

ಈಗ ಡಿಸ್ಕ್ ನಿಜವಾಗಿಯೇ ಕೆಟ್ಟಿದ್ದು, ಅದೇ ಗಣಕದಲ್ಲಿ ಬೇರೊಂದು ಸಾಟಾ ಡಿಸ್ಕ್ ಹಾಕಿ ಎಕ್ಸ್‌ಪಿಯನ್ನು ಹೊಸದಾಗಿ ಅಳವಡಿಸಬೇಕಾಗಿದೆ ಎಂದುಕೊಳ್ಳೋಣ. ಅಳವಡಿಕೆಯ ನಡುವೆ ಹಾರ್ಡ್ ಡಿಸ್ಕ್ ಕಂಡುಬರಲಿಲ್ಲ ಎಂಬ ಸಂದೇಶ ಬಂದರೆ ಬಯೋಸ್‌ನಲ್ಲಿ ಸಾಟಾ ವಿಧ ಎಂಬ ಆಯ್ಕೆಯನ್ನು ಹುಡುಕಬೇಕು. ಅದನ್ನು ಐಡಿಇ, ಕಂಪ್ಯಾಟಿಬಲ್ ಅಥವಾ ಲೆಗಸಿ ಎಂಬುದಕ್ಕೆ ಬದಲಿಸಿದರೆ ಸಾಟಾ ಡಿಸ್ಕ್ ಹಳೆಯ ಐಡಿಇ ಡಿಸ್ಕಿನಂತೆ ವರ್ತಿಸುತ್ತದೆ. ಪ್ರತ್ಯೇಕ ಚಾಲಕದ ಅಗತ್ಯವೇ ಬೀಳುವುದಿಲ್ಲ. ಎಎಚ್‌ಸಿಐಯಲ್ಲಿ ದೊರೆಯುವ ಕೆಲವು ಸೌಲಭ್ಯಗಳು ಇಲ್ಲಿ ಇಲ್ಲ ಎಂಬುದು ನಿಜ. ಆದರೆ ಒಂದೇ ತಂತ್ರಾಂಶ ಓಡಿಸುವ ಕಾರ್ಯಾಗಾರದ ಗಣಕಕ್ಕೆ ಆ ನಷ್ಟ ಅರಿವಿಗೂ ಬಾರದು. ಯಂತ್ರ ನಡೆಸುವ ಗಣಕಕ್ಕೆ ಇದೇ ದಾರಿ ಸಾಕೆಂಬುದು ಈ ಲೇಖಕನ ಅಭಿಪ್ರಾಯ. ವೇಗದ ಆಸೆಗೆ ಮುಂದಿನ ಕಷ್ಟದ ದಾರಿ ಹಿಡಿಯುವ ಅಗತ್ಯವಿಲ್ಲ.

ಎಫ್6 ದಾರಿ

ಕೆಲವು ಬೋರ್ಡುಗಳಲ್ಲಿ ಮೇಲಿನ ಆಯ್ಕೆಯೇ ಇರುವುದಿಲ್ಲ. ಇನ್ನು ಕೆಲವೆಡೆ ಡಿಸ್ಕ್ ಪ್ರತ್ಯೇಕವಾಗಿ ಕೊಂಡ ಪಿಸಿಐ ಕಾರ್ಡಿಗೆ ಜೋಡಣೆಯಾಗಿರುತ್ತದೆ. ಆಗ ಚಾಲಕವನ್ನು ನಾವೇ ಒದಗಿಸಬೇಕು. ಮೊದಲು ನಿಯಂತ್ರಕ ಯಾರದೆಂದು ತಿಳಿಯಬೇಕು. ಬೋರ್ಡಿನ ಮಾದರಿ ಸಂಖ್ಯೆ ಸಾಮಾನ್ಯವಾಗಿ ಬೋರ್ಡಿನ ಮೇಲೆಯೇ, ಕಾರ್ಡ್ ಸಿಕ್ಕಿಸುವ ಸೀಳುಗಳ ಬಳಿ ಅಚ್ಚಾಗಿರುತ್ತದೆ. ಗಣಕ ಓಡುತ್ತಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ನಿಯಂತ್ರಕದ ಗುರುತು ಸಂಖ್ಯೆ ಸಿಗುತ್ತದೆ: ತಯಾರಕರ ಸಂಖ್ಯೆ 8086 ಆದರೆ ಇಂಟೆಲ್, 1106 ವಯಾ, 1039 ಸಿಸ್, 10ಡಿಇ ಎನ್‌ವಿಡಿಯಾ.

ಆ ಮಾದರಿಗೆ ತಕ್ಕ ಎಕ್ಸ್‌ಪಿ ಚಾಲಕದ ಕಡತಗಳನ್ನು ಫ್ಲಾಪಿಗೆ ಹಾಕಬೇಕು. ತಯಾರಕರು ಸೂಚಿಸದ ಹೊರತು ಅವುಗಳನ್ನು ಉಪಕೋಶದೊಳಗೆ ಇಡದೆ ಫ್ಲಾಪಿಯ ಮೊದಲ ಹಂತದಲ್ಲಿಯೇ ಇಡಬೇಕು. ಟಿಎಕ್ಸ್‌ಟಿಸೆಟಪ್ ಡಾಟ್ ಒಇಎಂ ಎಂಬ ಕಡತ ಅಲ್ಲಿ ಕಾಣದಿದ್ದರೆ ವಿಂಡೋಸ್ ಉಳಿದವುಗಳನ್ನು ತಿರುಗಿಯೂ ನೋಡದು. ಸಿ.ಡಿ.ಯಿಂದ ಅಳವಡಿಕೆ ಆರಂಭವಾಗುತ್ತಿದ್ದಂತೆ ಪರದೆಯ ಕೆಳತುದಿಯಲ್ಲಿ ಎಫ್6 ಒತ್ತುವಂತೆ ಸೂಚನೆ ಕೆಲವೇ ಕ್ಷಣ ತೋರುತ್ತದೆ. ಆಗಲೇ ಒತ್ತಬೇಕು. ಒತ್ತಿದ ತಕ್ಷಣ ಏನೂ ಆಗದು, ಗಾಬರಿ ಬೇಡ. ಸ್ವಲ್ಪ ಹೊತ್ತಿನ ಮೇಲೆ ಚಾಲಕ ಕೇಳುವ ಪರದೆ ಬರುತ್ತದೆ. ಅಲ್ಲಿ ಎಸ್ ಒತ್ತಿ, ಪಟ್ಟಿಯಿಂದ ಸರಿಯಾದ ಮಾದರಿಯನ್ನು ಆರಿಸಬೇಕು. ಕಡತಗಳನ್ನು ನಕಲು ಮಾಡುವ ಹಂತದಲ್ಲಿ ವಿಂಡೋಸ್ ಮತ್ತೊಮ್ಮೆ ಫ್ಲಾಪಿಯನ್ನು ಕೇಳುವುದರಿಂದ ಅದನ್ನು ನಡುವೆ ತೆಗೆಯಬಾರದು.

ಎಕ್ಸ್‌ಪಿ ಈ ಹಂತದಲ್ಲಿ ಪೆನ್ ಡ್ರೈವ್ ಅನ್ನು ಒಪ್ಪುವುದಿಲ್ಲ. ಯುಎಸ್‌ಬಿ ಫ್ಲಾಪಿ ಡ್ರೈವ್‌ಗಳಲ್ಲಿಯೂ ಕೆಲವು ಮಾದರಿಗಳನ್ನು ಮಾತ್ರ ಗುರುತಿಸುತ್ತದೆ. ಬೂಷ್ಟು ಹಿಡಿದ ಹಳೆಯ ಫ್ಲಾಪಿಗಳು ಅರ್ಧದಲ್ಲಿ ಕೈಕೊಡುವುದುಂಟು. ಎರಡು ಪ್ರತಿ ಮಾಡಿಟ್ಟುಕೊಳ್ಳುವುದು ಕ್ಷೇಮ. ಫ್ಲಾಪಿಯ ಗೊಡವೆಯೇ ಬೇಡವೆನ್ನುವವರು ಎನ್‌ಲೈಟ್ ಎಂಬ ತಂತ್ರಾಂಶದಿಂದ ಚಾಲಕವನ್ನು ಎಕ್ಸ್‌ಪಿ ಸಿ.ಡಿ.ಯೊಳಗೇ ಸೇರಿಸಿ ಹೊಸ ಸಿ.ಡಿ. ಬರೆದುಕೊಳ್ಳಬಹುದು.

ಚಾಲಕಗಳನ್ನು ಎಲ್ಲಿಂದ ಪಡೆಯುವುದು ಎಂಬುದೂ ಮುಖ್ಯ. ಬೋರ್ಡಿನೊಡನೆ ಬಂದ ಸಿ.ಡಿ.ಯೇ ಶ್ರೇಷ್ಠ. ತಯಾರಕರು ಹಳೆಯ ಕಡತಗಳನ್ನು ತಮ್ಮ ಜಾಲತಾಣಗಳಿಂದ ತೆಗೆದುಹಾಕುತ್ತಿದ್ದಾರೆ. ಇಂಟೆಲ್ 2019ರಲ್ಲಿಯೇ ಈ ಕೆಲಸ ಆರಂಭಿಸಿತು. ಎಲ್ಲ ಚಾಲಕಗಳನ್ನೂ ತಾನೇ ಹುಡುಕಿಕೊಡುವುದಾಗಿ ಹೇಳುವ ಉಚಿತ ತಂತ್ರಾಂಶಗಳಿಂದ ದೂರವಿರುವುದು ಲೇಸು.

ಈಗಾಗಲೇ ಅಳವಡಿಸಿರುವ ವಿಂಡೋಸ್ ಸಹಿತ ಡಿಸ್ಕನ್ನು ಹೊಸ ಕಾರ್ಡಿಗೆ ವರ್ಗಾಯಿಸುವುದಾದರೆ ಕ್ರಮ ಬೇರೆ. ಡಿಸ್ಕನ್ನು ಹಳೆಯ ಜಾಗದಲ್ಲಿಯೇ ಬಿಟ್ಟು ಮೊದಲು ಕಾರ್ಡನ್ನು ಮಾತ್ರ ಸಿಕ್ಕಿಸಿ, ವಿಂಡೋಸ್ ಆರಂಭಿಸಿ, ಕಾರ್ಡಿನ ಚಾಲಕವನ್ನು ಅಳವಡಿಸಬೇಕು. ಆಮೇಲೆ ಗಣಕ ಆರಿಸಿ ಡಿಸ್ಕನ್ನು ಕಾರ್ಡಿಗೆ ಬದಲಿಸಬೇಕು. ಈ ಅನುಕ್ರಮ ತಪ್ಪಿದರೆ ಮತ್ತೆ ಅದೇ 7ಬಿ.

ಓಡುತ್ತದೆ, ಆದರೆ ನಿಧಾನ

ಐಡಿಇ ಡಿಸ್ಕುಗಳ ಗಣಕ ಇದ್ದಕ್ಕಿದ್ದಂತೆ ಬಸವನಹುಳುವಿನಂತಾದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಐಡಿಇ ಚಾನೆಲ್‌ನ ವರ್ಗಾವಣೆ ವಿಧವನ್ನು ನೋಡಬೇಕು. ಡಿಸ್ಕಿನಲ್ಲಿ ಆರು ದೋಷಗಳು ಒಟ್ಟುಗೂಡಿದರೆ ಎಕ್ಸ್‌ಪಿ ವೇಗದ ಡಿಎಂಎ ವಿಧವನ್ನು ಹಂತಹಂತವಾಗಿ ಇಳಿಸುತ್ತಾ ಕೊನೆಗೆ ಪಿಐಒ ವಿಧಕ್ಕೆ ತರುತ್ತದೆ. ಆಗ ಮಾಹಿತಿ ಸಾಗಿಸುವ ಹೊರೆಯೆಲ್ಲ ಪ್ರೊಸೆಸರಿನ ಮೇಲೆಯೇ ಬೀಳುತ್ತದೆ. ಆ ಚಾನೆಲ್ಲನ್ನು ಡಿವೈಸ್ ಮ್ಯಾನೇಜರ್‌ನಿಂದ ಅಳಿಸಿ ಗಣಕವನ್ನು ಮರಳಿ ಆರಂಭಿಸಿದರೆ ವಿಂಡೋಸ್ ಅದನ್ನು ಹೊಸದಾಗಿ ಗುರುತಿಸಿ ವೇಗ ಮರಳುತ್ತದೆ. ಕೆಲವು ದಿನಗಳಲ್ಲಿ ಮತ್ತೆ ಇಳಿದರೆ ಕೇಬಲ್ಲನ್ನು ಬದಲಿಸಿ ನೋಡಬೇಕು. ಆಗಲೂ ಹಾಗೆಯೇ ಆದರೆ ಡಿಸ್ಕ್ ಮುಪ್ಪಾಗಿದೆ ಎಂದರ್ಥ.

ಎಸ್.ಪಿ. ರಸ್ತೆಯಲ್ಲಿ ಬದಲಿ ಡಿಸ್ಕ್ ಕೊಳ್ಳುವಾಗ ದೊಡ್ಡದನ್ನು ತರುವುದರಿಂದ ಲಾಭವಿಲ್ಲ. ಸರ್ವೀಸ್ ಪ್ಯಾಕ್ 1 ಇಲ್ಲದ ಎಕ್ಸ್‌ಪಿ 137 ಗಿಗಾಬೈಟ್‌ಗಿಂತ ಹೆಚ್ಚಿನದನ್ನು ಕಾಣದು. ವಯಾ ವಿಟಿ8237 ಇರುವ ಬೋರ್ಡುಗಳು ಅನಂತರದ ವೇಗದ ಸಾಟಾ ಡಿಸ್ಕುಗಳನ್ನು ಗುರುತಿಸದೆ ಸತಾಯಿಸುವುದು ತಿಳಿದ ಸಂಗತಿ. ವೇಗವನ್ನು 1.5 ಗಿಗಾಬಿಟ್‌ಗೆ ಇಳಿಸುವ ಜಂಪರ್ ಇರುವ ಡಿಸ್ಕನ್ನೇ ಕೇಳಿ ಪಡೆಯಬೇಕು.

ವಿಂಡೋಸ್ 7ರ ಗಣಕದಲ್ಲಿ ಐಡಿಇಯಿಂದ ಎಎಚ್‌ಸಿಐಗೆ ಬದಲಿಸುವ ಇಚ್ಛೆಯಿದ್ದರೆ, ಬಯೋಸ್ ಮುಟ್ಟುವ ಮೊದಲೇ ರಿಜಿಸ್ಟ್ರಿಯಲ್ಲಿ ಎಂಎಸ್‌ಎಎಚ್‌ಸಿಐ ಎಂಬ ಸೇವೆಯ ಸ್ಟಾರ್ಟ್ ಮೌಲ್ಯವನ್ನು 0 ಮಾಡಬೇಕು. ಇತ್ತೀಚಿನ ಗಣಕಗಳಿಗೂ ಈ ಪಾಡು ತಪ್ಪಿಲ್ಲ. ಇಂಟೆಲ್‌ನ 11ನೇ ಪೀಳಿಗೆಯ ಹಾಗೂ ಅನಂತರದ ಹಲವು ಗಣಕಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಚಾಲನೆಯಲ್ಲಿದ್ದರೆ ವಿಂಡೋಸ್ ಅಳವಡಿಕೆಯಲ್ಲಿ ಡಿಸ್ಕೇ ಕಾಣದಿರಬಹುದು. ಅಲ್ಲಿ ಪೆನ್ ಡ್ರೈವ್‌ನಿಂದ ಚಾಲಕ ಕೊಡಲು ಅವಕಾಶವಿರುವುದಷ್ಟೇ ವ್ಯತ್ಯಾಸ.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿದಿರುವುದರಿಂದ ಅಂತಹ ಗಣಕವನ್ನು ಅಂತರಜಾಲಕ್ಕೆ ಜೋಡಿಸಬಾರದು. ಕೆಲಸ ಮುಗಿದ ಮೇಲೆ ಸಾಟಾ ವಿಧ ಯಾವುದು, ಬೋರ್ಡಿನ ಮಾದರಿ ಯಾವುದು, ಸೆಲ್ ಬದಲಿಸಿದ ದಿನಾಂಕ ಯಾವುದು ಎಂಬ ಮೂರನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಒಳಬದಿಗೆ ಅಂಟಿಸಿ, ಚಾಲಕದ ಫ್ಲಾಪಿ ಮತ್ತು ಸಿ.ಡಿ.ಯನ್ನು ಯಂತ್ರದ ಕೈಪಿಡಿಯ ಜೊತೆಗೆ ಬೀರುವಿನಲ್ಲಿ ಇಡಬೇಕು.