ಉಗ್ರಾಣಿಯ ಚೀಟಿ

ಒಡೆಯನೊಬ್ಬನು ತನ್ನ ಉಗ್ರಾಣಿಗೆ ಚೀಟಿ ಬರೆದು ಕಳುಹಿಸುತ್ತಾನೆ: "ಇದನ್ನು ತಂದವನಿಗೆ ಎರಡು ಸೇರು ಅಕ್ಕಿ ಕೊಡು." ಚೀಟಿ ತಂದವನು ದಾರಿಯಲ್ಲಿ ಅದರ ಕೆಳಗೆ "ಬೀಗದ ಕೈಯನ್ನೂ ಕೊಡು" ಎಂದು ಸೇರಿಸಿದರೆ ಏನಾದೀತು? ಉಗ್ರಾಣಿಯು ಪ್ರಾಮಾಣಿಕನೇ ಸರಿ. ಆದರೆ ಒಡೆಯನ ಬರಹ ಯಾವುದು, ಅನ್ಯರ ಬರಹ ಯಾವುದು ಎಂದು ವಿವೇಚಿಸದೆ ಬರೆದುದನ್ನೆಲ್ಲ ಅಪ್ಪಣೆಯೆಂದೇ ಭಾವಿಸಿದರೆ ಉಗ್ರಾಣವೇ ಬರಿದಾಗುತ್ತದೆ. ಗಣಕಯಂತ್ರಗಳ ಲೋಕದಲ್ಲಿಯೂ ಇಂಥದೇ ದೋಷವೊಂದುಂಟು.

ಅಂಕಿ ಅಂಶಗಳ ರಾಶಿಯನ್ನು ರೇಖಾಚಿತ್ರಗಳಾಗಿ ಮಾರ್ಪಡಿಸಿ, ಅಂತರಜಾಲದ ಮೂಲಕ ತೋರಿಸುವ ತಂತ್ರಾಂಶಗಳು ಇಂದು ಹಲವಾರು ಇವೆ. ಸ್ವೀಡನ್ ದೇಶದ ಟೋರ್ಕೆಲ್ ಓಡೆಗಾರ್ಡ್ ಅವರು 2014ರಲ್ಲಿ ಹೊರತಂದ ಗ್ರಫಾನಾ ಅವುಗಳಲ್ಲಿ ಒಂದು. ಇಂಥ ತಂತ್ರಾಂಶಗಳಲ್ಲಿ ನೋಡುಗನು ಚಿತ್ರವನ್ನು ನೋಡುವುದಲ್ಲದೆ, ಮೊತ್ತ, ಸರಾಸರಿ ಮುಂತಾದವುಗಳನ್ನು ಬೇಡುವ ಸೂತ್ರಗಳನ್ನೂ ಬರೆಯಬಹುದು. ಅನುಕೂಲದ ಜೊತೆಗೆ ಅಪಾಯವೂ ಒಳಬರುವುದು ಈ ಬಾಗಿಲಿನಿಂದಲೇ.

2024ರಲ್ಲಿ ಬಂದ ಗ್ರಫಾನಾದ 11ನೆಯ ಆವೃತ್ತಿಯಲ್ಲಿ ಎಸ್‌ಕ್ಯೂಎಲ್ ಎಂಬ ಭಾಷೆಯಲ್ಲಿ ಸೂತ್ರ ಬರೆಯುವ ಸೌಲಭ್ಯವನ್ನು ಪ್ರಯೋಗಾರ್ಥವಾಗಿ ಸೇರಿಸಲಾಗಿತ್ತು. ಬಳಕೆದಾರನ ಸೂತ್ರವನ್ನು ಡಕ್‌ಡಿಬಿ ಎಂಬ ಬೇರೊಂದು ತಂತ್ರಾಂಶಕ್ಕೆ ಒಪ್ಪಿಸುವುದು ಅದರ ಕ್ರಮ. ಒಪ್ಪಿಸುವ ಮೊದಲು ಸೂತ್ರವನ್ನು ಸಾಕಷ್ಟು ಶೋಧಿಸಲಿಲ್ಲ. ಆದುದರಿಂದ, ಡಕ್‌ಡಿಬಿ ಇದ್ದ ಗಣಕದಲ್ಲಿ, ಚಿತ್ರ ನೋಡಲಷ್ಟೇ ಅನುಮತಿ ಪಡೆದವನೂ ಅಲ್ಲಿನ ಕಡತಗಳನ್ನು ಓದಬಹುದಾಗಿತ್ತು. ಆ ಗಣಕಕ್ಕೆ ಆಜ್ಞೆಗಳನ್ನೂ ಕೊಡಬಹುದಾಗಿತ್ತು! ಕಡತಗಳಲ್ಲಿ ಗುಪ್ತಪದಗಳಿದ್ದರೆ ಬೀಗದ ಕೈಯೇ ಕಳ್ಳನ ಪಾಲಾದಂತೆ. ತೀವ್ರತೆಯನ್ನು 10ರವರೆಗೆ ಅಳೆಯುವ ಮಾನದಂಡದಲ್ಲಿ ಈ ದೋಷಕ್ಕೆ 9.9 ಅಂಕ ದೊರೆಯಿತು. ಡಕ್‌ಡಿಬಿಯು ಗ್ರಫಾನಾದೊಡನೆ ತಾನಾಗಿ ಬರುತ್ತಿರಲಿಲ್ಲವೆಂಬುದೊಂದೇ ಸಮಾಧಾನ.

ದೋಷವನ್ನು ಕಂಡುಹಿಡಿದವರು ಆ ಸಂಸ್ಥೆಯ ಎಂಜಿನಿಯರೇ. ಸಂಸ್ಥೆಯು ಅದನ್ನು ಮರೆಮಾಚದೆ 2024ರ ಅಕ್ಟೋಬರಿನಲ್ಲಿ ಲೋಕಕ್ಕೆ ತಿಳಿಸಿ, ಆ ಸೌಲಭ್ಯವನ್ನೇ ತೆಗೆದುಹಾಕಿದ ಹೊಸ ಆವೃತ್ತಿಗಳನ್ನು ಹೊರತಂದಿತು. 2019ರಲ್ಲಿ ಕಿಬಾನಾ ಎಂಬ ತಂತ್ರಾಂಶದ ಟೈಮ್‌ಲಯನ್ ವಿಭಾಗದಲ್ಲಿಯೂ ಸೂತ್ರದ ಮೂಲಕವೇ ಆಜ್ಞೆ ನುಸುಳುವ ದೋಷ ಕಂಡುಬಂದು, ಅದನ್ನು ಸರಿಪಡಿಸಲಾಗಿತ್ತು.

ಇಂಥ ದೋಷಕ್ಕೆ ಪರಿಹಾರವೇನು? ಹೊರಗಿನಿಂದ ಬಂದ ಬರಹವನ್ನು ಮಾಹಿತಿಯೆಂದು ಕಾಣಬೇಕು, ಆಜ್ಞೆಯೆಂದಲ್ಲ. ಅನುಮತಿಸಿದ ಕೆಲವೇ ಕ್ರಿಯೆಗಳನ್ನು ಪಟ್ಟಿಮಾಡಿ ಉಳಿದುದನ್ನು ನಿರಾಕರಿಸಬೇಕು. ತಂತ್ರಾಂಶಕ್ಕೆ ಅದರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕು. ಅಕ್ಕಿ ಅಳೆಯುವವನ ಸೊಂಟದಲ್ಲಿ ಖಜಾನೆಯ ಬೀಗದ ಕೈ ಇರಬೇಕಾಗಿಲ್ಲ. ಯಂತ್ರಕ್ಕೆ ವಿಧೇಯತೆಯುಂಟು, ವಿವೇಕವಿಲ್ಲ. ಆ ವಿವೇಕವನ್ನು ಒದಗಿಸಬೇಕಾದವನು ಮನುಷ್ಯನೇ.